ಫೋನೊ ಪ್ರಿಆಂಪ್‌ಗೆ ಎಕ್ಸ್‌ಎಲ್‌ಆರ್ ಇರಲೇಬೇಕಾ?

ರೆಕಾರ್ಡ್ ಕೇಳುವವರ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಮತ್ತೆ ಮತ್ತೆ ಬಂದಿದೆ: ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಫೋನೊ ಪ್ರಿಆಂಪ್. ಟರ್ನ್‌ಟೇಬಲ್‌ನಿಂದ ಬರುವ ಪುಟ್ಟ ಸಿಗ್ನಲನ್ನು ಆಂಪ್‌ಗೋ ಸ್ಪೀಕರ್‌ಗೋ ಸಾಕಾಗುವಷ್ಟು ಹಿಗ್ಗಿಸುವ ಪೆಟ್ಟಿಗೆಯೇ ಫೋನೊ ಪ್ರಿಆಂಪ್, ಚಿಕ್ಕದಾಗಿ ಫೋನೊ. ಬ್ಯಾಲೆನ್ಸ್ಡ್ ಔಟ್‌ಪುಟ್ ಸಾಮಾನ್ಯವಾಗಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್‌ನಲ್ಲಿ ಬರುತ್ತದೆ, ಅದರ ವಿವರ ಕೆಳಗಿದೆ. ಒಂದು ಪತ್ರಕ್ಕೆ ವಿವರವಾಗಿಯೇ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಚಿಕ್ಕ ಉತ್ತರ ಸಾಕು.

ಪ್ರಶ್ನೆ: ನನ್ನದು ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಕಾರ್ಟ್ರಿಜ್ (ಸೂಜಿ ಇರುವ ಭಾಗ) ಆಡಿಯೊ-ಟೆಕ್ನಿಕಾ ಎಟಿ-ವಿಎಂ95ಇ. ಈಗ ಇರುವ ಚಿಕ್ಕ ಫೋನೊ ಪ್ರಿಆಂಪ್‌ನ ಹಿಂದೆ ಬರೀ ಆರ್‌ಸಿಎ, ಅಂದರೆ ಒಂದೇ ಪಿನ್ನಿನ ಮಾಮೂಲಿ ಪ್ಲಗ್ ಹಾಕುವ ಸಾಕೆಟ್. ಹೊಸದಾಗಿ ತಂದ ಪವರ್ಡ್ ಸ್ಪೀಕರ್‌ಗಳಲ್ಲಿ ಎಕ್ಸ್‌ಎಲ್‌ಆರ್ ಇನ್‌ಪುಟ್ ಇದೆ, ಅವು ಟರ್ನ್‌ಟೇಬಲ್‌ನಿಂದ 7 ಮೀಟರ್ ದೂರದಲ್ಲಿವೆ. ಹಾಡು ಶುರುವಾಗುವ ಮುಂಚೆ ಗುಂಯ್ ಅಂತ ಸದ್ದು ಬರುತ್ತದೆ. ‘ಬ್ಯಾಲೆನ್ಸ್ಡ್ ಇರೋ ಫೋನೊ ತಗೊ, ಎಲ್ಲಾ ಸರಿಹೋಗುತ್ತೆ’ ಅಂತ ಗೆಳೆಯರು ಹೇಳುತ್ತಾರೆ. ಮುಂದೆ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಹಾಕುವ ಆಸೆಯೂ ಇದೆ. ಏನೇನು ನೋಡಿ ಆರಿಸಬೇಕು?

ಉತ್ತರ: ಹೊಸದು ತರುವ ಮುಂಚೆ ಆ ಗುಂಯ್ ಎಲ್ಲಿ ಹುಟ್ಟುತ್ತಿದೆ ಅಂತ ಕಂಡುಹಿಡಿಯಬೇಕು. ಅದು ಗೊತ್ತಾಗದೆ ನಾನು ಯಾವ ಪ್ರಿಆಂಪ್ ಹೆಸರು ಹೇಳಿದರೂ ಅದು ಸುಮ್ನೆ ಊಹೆ.

ಸ್ಪೀಕರ್ ಆಫ್ ಮಾಡಿ. ಟರ್ನ್‌ಟೇಬಲ್‌ನಿಂದ ಫೋನೊಗೆ ಬರುವ ಎರಡೂ ಆರ್‌ಸಿಎ ಪ್ಲಗ್ ಕಿತ್ತು, ಗ್ರೌಂಡ್ ವೈರನ್ನೂ ಬಿಚ್ಚಿ. ಖಾಲಿಯಾದ ಸಾಕೆಟ್‌ಗಳಿಗೆ ಶಾರ್ಟಿಂಗ್ ಪ್ಲಗ್ ಹಾಕಿ. ಶಾರ್ಟಿಂಗ್ ಪ್ಲಗ್ ಅಂದರೆ ದೊಡ್ಡ ವಸ್ತುವಲ್ಲ, ನಡುವಿನ ಪಿನ್ನನ್ನೂ ಹೊರಗಿನ ಬಳೆಯನ್ನೂ ಒಂದು ತುಂಡು ತಂತಿಯಿಂದ ಸೇರಿಸಿ ಬೆಸುಗೆ ಹಾಕಿದ ಹಳೇ ಆರ್‌ಸಿಎ ಪ್ಲಗ್. ಸಾಕೆಟ್ ಖಾಲಿ ಬಿಟ್ಟು ಪರೀಕ್ಷೆ ಮಾಡಬೇಡಿ, ಖಾಲಿ ಇನ್‌ಪುಟ್ ತಾನೇ ಅಕ್ಕಪಕ್ಕದ ಗುಂಯ್ ಎಳೆದುಕೊಂಡು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಈಗ ಸ್ಪೀಕರ್ ಆನ್ ಮಾಡಿ, ಮೊದಲಿದ್ದಷ್ಟೇ ವಾಲ್ಯೂಮ್ ಇಟ್ಟು ಕೇಳಿ.

ಗುಂಯ್ ಹೋಯಿತಾ? ಹಾಗಾದರೆ ಅದು ಬರುತ್ತಿರುವುದು ಟರ್ನ್‌ಟೇಬಲ್ ಕಡೆಯಿಂದ. ಗ್ರೌಂಡ್ ವೈರ್ ಸಡಿಲ ಇರಬಹುದು, ಹೆಡ್‌ಶೆಲ್‌ನ (ಕಾರ್ಟ್ರಿಜ್ ಕೂರಿಸುವ ತುದಿಯ) ವೈರ್ ಸರಿಯಾಗಿ ಕೂತಿಲ್ಲದೆ ಇರಬಹುದು, ಪಕ್ಕದಲ್ಲೇ ಯಾವುದೋ ಪವರ್ ಅಡಾಪ್ಟರ್ ಇರಬಹುದು. ಈ ಸಂದರ್ಭದಲ್ಲಿ ಬ್ಯಾಲೆನ್ಸ್ಡ್ ಔಟ್‌ಪುಟ್‌ನಿಂದ ಏನೂ ಉಪಯೋಗ ಇಲ್ಲ. ಫೋನೊ ಒಳಗೆ ಹೋಗಿ ಆದ ಗುಂಯ್‌ಗೂ ಹಾಡಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡನ್ನೂ ಹಿಗ್ಗಿಸಿ ಆಚೆ ಕಳಿಸುತ್ತದೆ.

ಗುಂಯ್ ಹಾಗೇ ಇದೆಯಾ? ಆಗ ಅದು ಫೋನೊದಲ್ಲೇ ಹುಟ್ಟುತ್ತಿರಬೇಕು, ಇಲ್ಲವೇ ಫೋನೊ ಮತ್ತು ಸ್ಪೀಕರ್ ನಡುವಿನ 7 ಮೀಟರ್‌ನಲ್ಲಿ. ಈ ಎರಡನೆಯದಕ್ಕೆ ಬ್ಯಾಲೆನ್ಸ್ಡ್ ಸಂಪರ್ಕ ನಿಜಕ್ಕೂ ಮದ್ದು.

ಫೋನೊ ವಿಷಯದಲ್ಲಿ ಗುಂಯ್ ಯಾಕೆ ಇಷ್ಟು ಕಾಡುತ್ತದೆ ಅಂತ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ರೆಕಾರ್ಡ್ ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ. ಹಾಗೆ ಮಾಡದಿದ್ದರೆ ಬಾಸ್ ಬಂದಾಗ ಗೆರೆ ಅಗಲವಾಗಿ ಪಕ್ಕದ ಗೆರೆಗೆ ಹೋಗಿ ತಾಗುತ್ತದೆ. ಇದಕ್ಕೆ 1954ರಲ್ಲಿ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಅಳತೆ ಇದೆ. ಫೋನೊ ಪ್ರಿಆಂಪ್ ಅದನ್ನೇ ತಿರುಗಿಸಿ ಮಾಡಬೇಕು: ತಗ್ಗನ್ನು ಎತ್ತಬೇಕು, ಎತ್ತರವನ್ನು ಇಳಿಸಬೇಕು. 1000 ಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್‌ಗೆ ಸಿಗುವ ಹೆಚ್ಚುವರಿ ಎತ್ತು ಸುಮಾರು 17 ಡೆಸಿಬೆಲ್, ಅಂದರೆ 7 ಪಟ್ಟು. ಕರೆಂಟಿನ ಗುಂಯ್ ಕೂತಿರುವುದು ಆ 50 ಹರ್ಟ್ಸ್‌ನಲ್ಲೇ, ಕೆಲವು ದೇಶಗಳಲ್ಲಿ 60ರಲ್ಲಿ. ಸಾಮಾನ್ಯ ಎಂಎಂ (ಮೂವಿಂಗ್ ಮ್ಯಾಗ್ನೆಟ್, ನಿಮ್ಮ ಕಾರ್ಟ್ರಿಜ್‌ನ ಬಗೆ) ಫೋನೊ 1000 ಹರ್ಟ್ಸ್‌ನ ಸ್ವರವನ್ನು 100 ಪಟ್ಟು ಹಿಗ್ಗಿಸಿದರೆ, ಅದೇ ಹೊತ್ತಿಗೆ ಒಳಗೆ ನುಸುಳಿದ 50 ಹರ್ಟ್ಸ್ ಗುಂಯ್ ಸುಮಾರು 700 ಪಟ್ಟು ಹಿಗ್ಗಿ ಬರುತ್ತದೆ. ಅದಕ್ಕೇ ಫೋನೊಗಿಂತ ಹಿಂದಿನ ಒಂದು ಮೀಟರ್ ವೈರು ಮುಂದಿನ 7 ಮೀಟರ್‌ಗಿಂತ ಜಾಸ್ತಿ ಮುಖ್ಯ.

ಈಗ ಬ್ಯಾಲೆನ್ಸ್ಡ್ ಅಂದರೆ ಏನು ಅಂತ ನೋಡೋಣ. ಆರ್‌ಸಿಎ ವೈರಿನಲ್ಲಿ ಹಾಡು ನಡುವಿನ ತಂತಿಯಲ್ಲಿ ಹೋಗುತ್ತದೆ, ಹೊರಗಿನ ಜಾಲರಿಯಲ್ಲಿ ವಾಪಸ್ ಬರುತ್ತದೆ. ಅದೇ ಜಾಲರಿ ಎರಡೂ ಪೆಟ್ಟಿಗೆಗಳ ಗ್ರೌಂಡನ್ನೂ ಜೋಡಿಸುತ್ತದೆ. ಎರಡು ಪೆಟ್ಟಿಗೆಗಳ ಗ್ರೌಂಡ್ ನಡುವೆ ಚೂರು ವ್ಯತ್ಯಾಸ ಇದ್ದರೂ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ, ಅದು ನೇರವಾಗಿ ಹಾಡಿಗೆ ಸೇರುತ್ತದೆ. ಬ್ಯಾಲೆನ್ಸ್ಡ್ ವೈರಿನಲ್ಲಿ ಹಾಡಿಗೇ ಎರಡು ತಂತಿ, ಜಾಲರಿ ಬೇರೆ. ಎಕ್ಸ್‌ಎಲ್‌ಆರ್‌ನಲ್ಲಿ ಪಿನ್ 1 ಗ್ರೌಂಡ್, 2 ಮತ್ತು 3 ಹಾಡಿನವು. ಹೆಣೆದುಕೊಂಡ ಎರಡು ತಂತಿಗಳ ಮೇಲೂ ಹೊರಗಿನ ಗದ್ದಲ ಒಂದೇ ಸಮ ಬೀಳುತ್ತದೆ. ಆ ತುದಿಯಲ್ಲಿರುವ ಇನ್‌ಪುಟ್ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎರಡರಲ್ಲೂ ಸಮ ಇದ್ದದ್ದು ಕಳೆದುಹೋಗುತ್ತದೆ. ಹೊಸ ವಿಚಾರವೇನಲ್ಲ ಇದು. ಎರಡು ತಂತಿ ಹೆಣೆಯುವ ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನಿಗಾಗಿ ಪೇಟೆಂಟ್ ಪಡೆದಿದ್ದರು.

ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ಬ್ಯಾಲೆನ್ಸ್ಡ್ ಆಗಬೇಕಾದರೆ ಪಿನ್ 2ರಲ್ಲಿ ನೇರ ಹಾಡು, 3ರಲ್ಲಿ ಅದರ ತಲೆಕೆಳಗಾದ ಹಾಡು ಇರಲೇಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಬೇಕಾದದ್ದು ಎರಡೂ ತಂತಿಗಳಿಂದ ಗ್ರೌಂಡ್‌ಗೆ ಇರುವ ಇಂಪಿಡೆನ್ಸ್ (ಸಿಗ್ನಲ್‌ಗೆ ಸಿಗುವ ತಡೆ) ಒಂದೇ ಆಗಿರುವುದು. ಪಿನ್ 2ರಲ್ಲಿ ಹಾಡು, 3ರಲ್ಲಿ ಅಷ್ಟೇ ಓಮ್‌ನ ಒಂದು ರೆಸಿಸ್ಟರ್ ಗ್ರೌಂಡ್‌ಗೆ, ಇಷ್ಟಿದ್ದರೂ ಗದ್ದಲ ಅಷ್ಟೇ ಚೆನ್ನಾಗಿ ಕಳೆಯುತ್ತದೆ. ಹಾಗೆ ಮಾಡಿದ ಪ್ರಿಆಂಪನ್ನು ಮೋಸ ಅಂತ ಕರೆಯಬೇಡಿ.

ಮೋಸ ಅನ್ನಬಹುದಾದದ್ದು ಬೇರೆ ಇದೆ. ಒಮ್ಮೆ ನಾನು ತಂದ ಒಂದು ಫೋನೊದ ಹಿಂದೆ ಚೆಂದದ ಎರಡು ಎಕ್ಸ್‌ಎಲ್‌ಆರ್ ಇದ್ದವು, ಕೈಪಿಡಿಯಲ್ಲೂ ‘ಬ್ಯಾಲೆನ್ಸ್ಡ್’ ಅಂತ ದಪ್ಪ ಅಕ್ಷರದಲ್ಲಿತ್ತು. ಉದ್ದ ವೈರ್ ಹಾಕಿದರೂ ಗುಂಯ್ ಪೂರ್ತಿ ಹೋಗಲಿಲ್ಲ. ಬೇಸರವಾಗಿ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಎಕ್ಸ್‌ಎಲ್‌ಆರ್ ಸಾಕೆಟ್‌ನ ಬೆನ್ನಿನಲ್ಲಿ ಪಿನ್ 3ರಿಂದ ಪಿನ್ 1ಕ್ಕೆ ಅಕ್ಕಿ ಕಾಳಿನಷ್ಟು ಉದ್ದದ ಒಂದು ತಂತಿ, ಎರಡು ಬೆಸುಗೆ ಚುಕ್ಕೆ, ಅಷ್ಟೇ. ಪಕ್ಕದ ಆರ್‌ಸಿಎ ಸಾಕೆಟ್‌ನಿಂದಲೇ ಪಿನ್ 2ಕ್ಕೆ ವೈರ್ ಎಳೆದಿದ್ದರು. ಆವತ್ತಿನಿಂದ ನಾನು ಕೊಳ್ಳುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡುತ್ತೇನೆ. ನೀವೂ ಪವರ್ ಆಫ್ ಮಾಡಿ ಪಿನ್ 1 ಮತ್ತು 3ರ ನಡುವೆ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಅದು ಎಕ್ಸ್‌ಎಲ್‌ಆರ್ ವೇಷದ ಆರ್‌ಸಿಎ.

ಇನ್ನೊಂದು ವಿಷಯ ಇದೆ, ನಿಮ್ಮ ದುಡ್ಡು ಉಳಿಸಬಹುದಾದದ್ದು. ಗದ್ದಲ ಕಳೆಯುವ ಕೆಲಸ ಮಾಡುವುದು ಇನ್‌ಪುಟ್, ಅಂದರೆ ನಿಮ್ಮ ಸ್ಪೀಕರ್. ಅದು ಈಗಾಗಲೇ ನಿಮ್ಮ ಹತ್ತಿರ ಇದೆ. ಹಾಗಾಗಿ ಈಗಿನ ಆರ್‌ಸಿಎ ಫೋನೊವನ್ನೇ ಸರಿಯಾದ ವೈರಿನಿಂದ ಜೋಡಿಸಿ ನೋಡಿ. ಜಾಲರಿಯೊಳಗೆ ಎರಡು ತಂತಿ ಇರುವ ಮೈಕ್ ವೈರ್ ತೆಗೆದುಕೊಳ್ಳಿ. ಆರ್‌ಸಿಎ ನಡುವಿನ ಪಿನ್ನಿನಿಂದ ಒಂದು ತಂತಿ ಎಕ್ಸ್‌ಎಲ್‌ಆರ್ ಪಿನ್ 2ಕ್ಕೆ. ಆರ್‌ಸಿಎ ಹೊರಗಿನ ಬಳೆಯಿಂದ ಇನ್ನೊಂದು ತಂತಿ ಪಿನ್ 3ಕ್ಕೆ. ಜಾಲರಿ ಪಿನ್ 1ಕ್ಕೆ, ಆರ್‌ಸಿಎ ಕಡೆ ಅದನ್ನೂ ಬಳೆಗೇ ಸೇರಿಸಿ. ಆಮೇಲೂ ಗುಂಯ್ ಉಳಿದರೆ ಆರ್‌ಸಿಎ ಕಡೆ ಜಾಲರಿಯನ್ನು ಮಾತ್ರ ಬಿಡಿಸಿ ನೋಡಿ. ಹೀಗೆ ಮಾಡಿದಾಗ ಸ್ಪೀಕರ್ ಫೋನೊದ ಗ್ರೌಂಡನ್ನು ಬೇರೆ ತಂತಿಯಲ್ಲೇ ‘ನೋಡುತ್ತದೆ’, ಜಾಲರಿಯಲ್ಲಿ ಹರಿಯುವ ಕರೆಂಟ್ ಹಾಡಿಗೆ ಅಷ್ಟಾಗಿ ಸೇರುವುದಿಲ್ಲ. ನಿಜವಾದ ಬ್ಯಾಲೆನ್ಸ್ಡ್ ಔಟ್‌ಪುಟ್‌ನಷ್ಟು ಗಟ್ಟಿ ಅಲ್ಲ, ಆದರೆ ಅಂಗಡಿಯ ರೆಡಿಮೇಡ್ ಆರ್‌ಸಿಎ-ಎಕ್ಸ್‌ಎಲ್‌ಆರ್ ವೈರುಗಳಲ್ಲಿ ಎಷ್ಟೋ ಸಲ ಪಿನ್ 3ನ್ನು 1ಕ್ಕೆ ಪ್ಲಗ್ ಒಳಗೇ ಸೇರಿಸಿಬಿಟ್ಟಿರುತ್ತಾರಲ್ಲ, ಅದಕ್ಕಿಂತ ಎಷ್ಟೋ ಮೇಲು.

ಇಷ್ಟಾದ ಮೇಲೂ ಹೊಸದು ಬೇಕು ಅನ್ನಿಸಿದರೆ, ಅಥವಾ ಎಂಸಿಗಾಗಿ ಹೇಗೂ ಬದಲಾಯಿಸಬೇಕಾಗಿದ್ದರೆ, ಆರಿಸುವಾಗ ಎಕ್ಸ್‌ಎಲ್‌ಆರ್ ಕಡೆಯಿಂದ ಶುರು ಮಾಡಬೇಡಿ. ಕಾರ್ಟ್ರಿಜ್ ಕಡೆಯಿಂದ ಶುರು ಮಾಡಿ.

ಮೊದಲನೆಯದು ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು. ನಿಮ್ಮ ವಿಎಂ95ಇ ಕೊಡುವುದು 4 ಮಿಲಿವೋಲ್ಟ್. 40 ಡೆಸಿಬೆಲ್ ಅಂದರೆ 100 ಪಟ್ಟು, 0.4 ವೋಲ್ಟ್ ಸಿಗುತ್ತದೆ. ಎಂಸಿ ವಿಷಯ ಬೇರೆ. 1960ರ ದಶಕದಿಂದಲೂ ಬರುತ್ತಿರುವ ಡೆನಾನ್ ಡಿಎಲ್-103 ಕೊಡುವುದು ಬರೀ 0.3 ಮಿಲಿವೋಲ್ಟ್. ಅದಕ್ಕೆ 60 ಡೆಸಿಬೆಲ್, ಅಂದರೆ 1000 ಪಟ್ಟು ಬೇಕು. ಎರಡೂ ಬೇಕೆಂದರೆ ಗೇನ್ ಬದಲಾಯಿಸುವ ಸ್ವಿಚ್ ಇರುವುದನ್ನೇ ನೋಡಿ. ಕೈಪಿಡಿಯಲ್ಲಿ ಬರೆದ ಗೇನ್ ಯಾವ ಸಾಕೆಟ್‌ನದು ಅಂತಲೂ ನೋಡಿ. ಪಿನ್ 3ರಲ್ಲಿ ತಲೆಕೆಳಗಾದ ಹಾಡು ಕೊಡುವ ಪ್ರಿಆಂಪ್‌ಗಳಲ್ಲಿ ಎಕ್ಸ್‌ಎಲ್‌ಆರ್‌ನ ಗೇನ್ ಸಾಮಾನ್ಯವಾಗಿ ಆರ್‌ಸಿಎಗಿಂತ 6 ಡೆಸಿಬೆಲ್ ಜಾಸ್ತಿ, ಎರಡು ಪಟ್ಟು. ಒಂದರ ಆರ್‌ಸಿಎ ಸಂಖ್ಯೆಯನ್ನು ಇನ್ನೊಂದರ ಎಕ್ಸ್‌ಎಲ್‌ಆರ್ ಸಂಖ್ಯೆಗೆ ಹೋಲಿಸಿ ಮೋಸಹೋಗುವುದು ಸುಲಭ.

ಆಮೇಲೆ ಲೋಡ್, ಅಂದರೆ ಫೋನೊದ ಇನ್‌ಪುಟ್ ಕಾರ್ಟ್ರಿಜ್ ಮೇಲೆ ಹಾಕುವ ಹೊರೆ. ಎಂಎಂಗೆ 47 ಕಿಲೋಓಮ್ ಎಲ್ಲದರಲ್ಲೂ ಇರುತ್ತದೆ, ಅದರ ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ಕೆಪ್ಯಾಸಿಟೆನ್ಸ್. ವಿಎಂ95ಇಗೆ ಕಂಪನಿ ಹೇಳುವುದು 100ರಿಂದ 200 ಪಿಕೊಫ್ಯಾರಡ್. ಅದರ ಸುರುಳಿಯ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಇದು ವೈರಿನ ಕೆಪ್ಯಾಸಿಟೆನ್ಸ್ ಜೊತೆ ಸೇರಿ ಒಂದು ಕಡೆ ಅನುರಣಿಸುತ್ತದೆ. 200 ಪಿಕೊಫ್ಯಾರಡ್ ಇದ್ದರೆ ಅದು 15 ಕಿಲೋಹರ್ಟ್ಸ್ ಹತ್ತಿರ, ಅಷ್ಟಾಗಿ ಕಾಡುವುದಿಲ್ಲ. 400 ಆದರೆ 10.7ಕ್ಕೆ ಇಳಿಯುತ್ತದೆ. ತಾಳದ, ಝೇಂಕಾರದ ಸದ್ದುಗಳು ಅಲ್ಲಿ ಚುಚ್ಚಿ, ಅದರ ಮೇಲಿನದು ಮಂಕಾಗುತ್ತದೆ. ವೈರಿಗೆ ಮೀಟರ್‌ಗೆ ಸುಮಾರು 100 ಪಿಕೊಫ್ಯಾರಡ್ ಅಂತ ಲೆಕ್ಕ ಹಿಡಿಯಿರಿ, ಫೋನೊದ ಇನ್‌ಪುಟ್‌ನಲ್ಲೇ 100 ಅಥವಾ 200 ಇರುತ್ತದೆ. ಹೀಗಾಗಿ ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ: ಫೋನೊವನ್ನು ಸ್ಪೀಕರ್ ಪಕ್ಕ ಇಟ್ಟು ಟರ್ನ್‌ಟೇಬಲ್‌ನಿಂದ 7 ಮೀಟರ್ ವೈರ್ ಎಳೆಯುವುದು. ವೈರಿನ 700, ಉಳಿದ 200 ಸೇರಿ 900 ಆಯಿತು, ಅನುರಣನ 7 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ. ಫೋನೊ ಟರ್ನ್‌ಟೇಬಲ್ ಪಕ್ಕದಲ್ಲಿರಲಿ, ಉದ್ದ ಎಷ್ಟಿದ್ದರೂ ಫೋನೊ ಆದ ಮೇಲಿರಲಿ. ಬ್ಯಾಲೆನ್ಸ್ಡ್ ಔಟ್‌ಪುಟ್ ತನ್ನ ಬೆಲೆ ತೋರಿಸುವುದು ಇಲ್ಲೇ.

ಎಂಸಿಗೆ ಕೆಪ್ಯಾಸಿಟೆನ್ಸ್ ಮುಖ್ಯವಲ್ಲ, ರೆಸಿಸ್ಟೆನ್ಸ್ ಮುಖ್ಯ. ಕಾರ್ಟ್ರಿಜ್‌ನ ಒಳಗಿನ ಇಂಪಿಡೆನ್ಸ್‌ನ ಸುಮಾರು 10 ಪಟ್ಟು ಲೋಡ್‌ನಿಂದ ಶುರು ಮಾಡಿ ಕಿವಿಗೆ ತಕ್ಕ ಹಾಗೆ ಬದಲಾಯಿಸುವುದು ರೂಢಿ. ಡಿಎಲ್-103ರದು 40 ಓಮ್, ಅಂದರೆ 400ರ ಆಸುಪಾಸು. ಎಲ್ಲದಕ್ಕೂ 100 ಓಮ್ ಒಂದೇ ಕೊಟ್ಟು ಕೈತೊಳೆದುಕೊಳ್ಳುವ ಫೋನೊಗಳನ್ನು ನಾನು ಬಿಟ್ಟುಬಿಡುತ್ತೇನೆ.

ಓವರ್‌ಲೋಡ್ ಸಂಖ್ಯೆಯನ್ನೂ ಒಮ್ಮೆ ನೋಡಿ. ಎಂಎಂ ಇನ್‌ಪುಟ್ 1000 ಹರ್ಟ್ಸ್‌ನಲ್ಲಿ 50 ಮಿಲಿವೋಲ್ಟ್ ಆದರೂ ತಡೆದುಕೊಳ್ಳಬೇಕು ಅನ್ನುವುದು ನನ್ನ ಲೆಕ್ಕ. ಗೀರುಬಿದ್ದ ರೆಕಾರ್ಡ್‌ನ ಟಿಕ್ ಟಿಕ್ ಹಾಡಿಗಿಂತ ಎಷ್ಟೋ ದೊಡ್ಡದಾಗಿ ಬರುತ್ತದೆ, ಅದನ್ನು ತಡೆಯಲಾರದ ಫೋನೊದಲ್ಲಿ ಆ ಟಿಕ್ ಇನ್ನೂ ಒರಟಾಗಿ ಕೇಳುತ್ತದೆ.

ನೀವು ಪತ್ರದಲ್ಲಿ ಬರೆಯದ ಒಂದು ಮಾತು: ವಾಲ್ಯೂಮ್ ಎಲ್ಲಿ? ಹೆಚ್ಚಿನ ಫೋನೊಗಳಲ್ಲಿ ವಾಲ್ಯೂಮ್ ತಿರುಗಣೆ ಇರುವುದಿಲ್ಲ. ನೇರ ಪವರ್ಡ್ ಸ್ಪೀಕರ್‌ಗೆ ಕೊಟ್ಟರೆ ಪ್ರತಿ ಸಲ 7 ಮೀಟರ್ ನಡೆದು, ಎರಡು ಸ್ಪೀಕರ್‌ನ ಬೆನ್ನಿಗೂ ಕೈಹಾಕಿ ತಿರುಗಿಸಬೇಕಾಗುತ್ತದೆ. ನಡುವೆ ಬ್ಯಾಲೆನ್ಸ್ಡ್ ಪ್ರಿಆಂಪ್ ಅಥವಾ ಮಾನಿಟರ್ ಕಂಟ್ರೋಲರ್ ಬೇಕಾಗಬಹುದು. ಅದು ಬಂದರೆ ಉದ್ದ ವೈರ್ ಶುರುವಾಗುವುದು ಅದರಿಂದ. ಫೋನೊದಿಂದ ಅದಕ್ಕೆ ಅರ್ಧ ಮೀಟರ್ ಆರ್‌ಸಿಎ ಸಾಕು. ಆಗ ಫೋನೊಗೆ ಎಕ್ಸ್‌ಎಲ್‌ಆರ್ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ, ಆಮೇಲೆ ಫೋನೊ ಹುಡುಕಿ.

ಪ್ರಶ್ನೆ: ಕೆಲವು ಫೋನೊಗಳಲ್ಲಿ ಇನ್‌ಪುಟ್ ಕೂಡ ಬ್ಯಾಲೆನ್ಸ್ಡ್ ಅಂತ ಇರುತ್ತದೆ. ಟರ್ನ್‌ಟೇಬಲ್ ಬ್ಯಾಲೆನ್ಸ್ಡ್ ಹೇಗಾಗುತ್ತದೆ?

ಉತ್ತರ: ಕಾರ್ಟ್ರಿಜ್ ಹುಟ್ಟಿನಿಂದಲೇ ಬ್ಯಾಲೆನ್ಸ್ಡ್! ಹೆಡ್‌ಶೆಲ್ ಬಿಚ್ಚಿ ಹಿಂದೆ ನೋಡಿ, ಕೂದಲೆಳೆಯಂಥ ನಾಲ್ಕು ವೈರ್: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಪ್ರತಿ ಸುರುಳಿಗೂ ಎರಡು ತುದಿ, ಯಾವುದೂ ಗ್ರೌಂಡ್‌ಗೆ ಸೇರಿಲ್ಲ. ಅದನ್ನು ಆರ್‌ಸಿಎ ಪ್ಲಗ್‌ನಲ್ಲಿ ಸೇರಿಸುವುದು ನಾವು. ಹಾಗಾಗಿ ಟೋನ್‌ಆರ್ಮ್ ವೈರ್ ಬದಲಾಯಿಸಬಹುದಾದ ಟರ್ನ್‌ಟೇಬಲ್ ಆದರೆ ತುದಿಯವರೆಗೂ ಬ್ಯಾಲೆನ್ಸ್ಡ್ ಮಾಡಬಹುದು. ಪ್ರೊ-ಜೆಕ್ಟ್‌ನ ಫೋನೊ ಬಾಕ್ಸ್ ಎಸ್3 ಬಿಯಲ್ಲಿ ಇದಕ್ಕೆಂದೇ ಮಿನಿ ಎಕ್ಸ್‌ಎಲ್‌ಆರ್ ಇನ್‌ಪುಟ್ ಇದೆ. ನನಗೆ ಕೇಳಿದರೆ ಬ್ಯಾಲೆನ್ಸ್ಡ್ ಔಟ್‌ಪುಟ್‌ಗಿಂತ ಬ್ಯಾಲೆನ್ಸ್ಡ್ ಇನ್‌ಪುಟ್ ಹೆಚ್ಚು ಉಪಯೋಗದ್ದು, ಎಂಸಿ ಇದ್ದರಂತೂ ಇನ್ನೂ ಹೆಚ್ಚು. ಗುಂಯ್ ನುಸುಳಿದರೆ 700 ಪಟ್ಟು ಹಿಗ್ಗುವ ಜಾಗವನ್ನೇ ಅದು ಕಾಯುತ್ತದೆ. ಒಂದು ಎಚ್ಚರಿಕೆ: ಕೆಲವು ಎಂಎಂ ಕಾರ್ಟ್ರಿಜ್‌ಗಳಲ್ಲಿ ಒಂದು ಪಿನ್ನಿನಿಂದ ಲೋಹದ ಮೈಗೆ ಚಿಕ್ಕ ತಗಡಿನ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಹಸಿರು ವೈರಿನ ಪಿನ್ನಿಗೆ. ಬ್ಯಾಲೆನ್ಸ್ಡ್ ಮಾಡುವಾಗ ಆ ಪಟ್ಟಿ ತೆಗೆಯಬೇಕು. ಚಿಮಟದಿಂದ ನಿಧಾನವಾಗಿ ಎಳೆಯಿರಿ, ಪಿನ್ ಬಗ್ಗಿಸಬೇಡಿ, ಸೂಜಿಗೆ ಅದರ ಕಾಪು ಹಾಕಿಯೇ ಈ ಕೆಲಸ ಮಾಡಿ.

ಪ್ರಶ್ನೆ: ನನ್ನ ಆಂಪ್ ಟರ್ನ್‌ಟೇಬಲ್ ಪಕ್ಕದಲ್ಲೇ ಇದೆ, ಗುಂಯ್ ಇಲ್ಲ. ಎಕ್ಸ್‌ಎಲ್‌ಆರ್ ಹಾಕಿದಾಗ ಹಾಡಿಗೆ ಜೀವ ಬಂದ ಹಾಗೆ ಕೇಳಿಸಿತು. ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ, ಸದ್ದು ಜಾಸ್ತಿ ಆಗಿರುವುದು ನಿಜ. ಮೇಲೆ ಹೇಳಿದ 6 ಡೆಸಿಬೆಲ್ ಅದು. ಸ್ವಲ್ಪ ಜೋರಾದರೆ ಎಲ್ಲರ ಕಿವಿಗೂ ಅದು ಚೆನ್ನಾಗಿಯೇ ಕೇಳುತ್ತದೆ. ಎರಡನ್ನೂ ಸಮ ಮಾಡಿಕೊಂಡು ಮತ್ತೆ ಕೇಳಿ. ಒಂದೇ ಸ್ವರ ಇರುವ ಟೆಸ್ಟ್ ರೆಕಾರ್ಡ್ ಹಾಕಿ, ಆಂಪ್‌ನ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟ್ ಒಂದೇ ಬರುವ ಹಾಗೆ ವಾಲ್ಯೂಮ್ ಹೊಂದಿಸಿದರೆ ಸಾಕು. ಆಮೇಲೂ ವ್ಯತ್ಯಾಸ ಕೇಳಿಸಿದರೆ ಖುಷಿಯಿಂದ ಎಕ್ಸ್‌ಎಲ್‌ಆರ್‌ನಲ್ಲೇ ಇರಲಿ.

ಪ್ರಶ್ನೆ: ಐಫೈ ಝೆನ್ ಫೋನೊದಲ್ಲಿ ಎಕ್ಸ್‌ಎಲ್‌ಆರ್ ಇಲ್ಲ, 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಅಂತ ಒಂದೇ ತೂತು ಇದೆ. ನಡೆಯುತ್ತದಾ?

ಉತ್ತರ: ನಡೆಯುತ್ತದೆ. ಆ ಒಂದೇ ಪ್ಲಗ್‌ನಲ್ಲಿ ಐದು ಸಂಪರ್ಕ ಇವೆ: ಎಡಕ್ಕೆ ಎರಡು, ಬಲಕ್ಕೆ ಎರಡು, ಗ್ರೌಂಡ್. 4.4ರಿಂದ ಎರಡು ಎಕ್ಸ್‌ಎಲ್‌ಆರ್‌ಗೆ ಹೋಗುವ ವೈರ್ ತೆಗೆದುಕೊಳ್ಳಿ. ಹೆಡ್‌ಫೋನ್‌ಗೆ ಮಾಡಿದ ವೈರಿನಲ್ಲಿ ಗ್ರೌಂಡ್ ಜೋಡಿಸದೆ ಬಿಟ್ಟಿರಬಹುದು, ಅದು ಬೇಡ.

ಪ್ರಶ್ನೆ: ಟೋನ್‌ಆರ್ಮ್ ಮುಟ್ಟಿದರೆ ಗುಂಯ್ ಕಡಿಮೆ ಆಗುತ್ತದೆ, ಕೈ ತೆಗೆದರೆ ಮತ್ತೆ ಬರುತ್ತದೆ. ಫೋನೊ ಕೆಟ್ಟಿದೆಯಾ?

ಉತ್ತರ: ಫೋನೊ ಚೆನ್ನಾಗಿದೆ. ಆರ್ಮ್‌ನ ಗ್ರೌಂಡ್ ಎಲ್ಲೋ ಕಡಿದಿದೆ, ಅದರ ಕೆಲಸವನ್ನು ನಿಮ್ಮ ಮೈ ಮಾಡುತ್ತಿದೆ. ಮಲ್ಟಿಮೀಟರ್‌ನ ಒಂದು ಮೊನೆ ಆರ್ಮ್ ಕೊಳವೆಯ ಬಣ್ಣ ಇಲ್ಲದ ಲೋಹಕ್ಕೆ, ಇನ್ನೊಂದು ಗ್ರೌಂಡ್ ವೈರಿನ ತುದಿಯ ಕವಲಿಗೆ ಇಡಿ. ಒಂದೆರಡು ಓಮ್ ಬರಬೇಕು. ಬರದಿದ್ದರೆ ಆ ವೈರನ್ನು ತುದಿಯಿಂದ ಬುಡದವರೆಗೆ ಹಿಂಬಾಲಿಸಿ. ಹೆಚ್ಚಾಗಿ ಕವಲಿನ ಹತ್ತಿರವೇ, ಪ್ಲಾಸ್ಟಿಕ್ ಒಳಗೆ ಕಾಣದ ಹಾಗೆ ತುಂಡಾಗಿರುತ್ತದೆ.

ಪ್ರಶ್ನೆ: ಡಿಎಲ್-103 ಇದೆ, ಫೋನೊದಲ್ಲಿ ಎಂಎಂ ಮಾತ್ರ. ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಬಹುದಾ?

ಉತ್ತರ: ಹಾಕಬಹುದು, ಒಳ್ಳೆಯ ಜೋಡಿ ಅದು. 1:10ರದು ತೆಗೆದುಕೊಂಡರೆ 0.3 ಮಿಲಿವೋಲ್ಟ್ 3 ಆಗುತ್ತದೆ, ಎಂಎಂ ಇನ್‌ಪುಟ್‌ಗೆ ಸಾಕು. ಲೋಡ್ ಮಾತ್ರ ಆ 10 ಪಟ್ಟಿನ ವರ್ಗದಿಂದ, ಅಂದರೆ 10×10ರಿಂದ ಭಾಗವಾಗುತ್ತದೆ, 47,000 ಭಾಗಿಸು 100, ಅಂದರೆ ಕಾರ್ಟ್ರಿಜ್‌ಗೆ ಕಾಣುವುದು 470 ಓಮ್. 40 ಓಮ್ ಕಾರ್ಟ್ರಿಜ್‌ಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಸುರುಳಿ ಗ್ರೌಂಡ್‌ಗೆ ಸೇರಿಲ್ಲದಿದ್ದರೆ ಅದೇ ನಿಮಗೆ ಬ್ಯಾಲೆನ್ಸ್ಡ್ ಇನ್‌ಪುಟ್ ಕೂಡ ಆಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಆಂಪ್‌ನ ಪವರ್ ಸಪ್ಲೈ ಪಕ್ಕ ಇದ್ದರೆ ಗುಂಯ್ ಹಿಡಿಯುತ್ತದೆ. ವಾಲ್ಯೂಮ್ ಏರಿಸಿ, ರೆಕಾರ್ಡ್ ಇಲ್ಲದೆ, ಅದನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಾ ಬನ್ನಿ. ಒಂದು ಕೋನದಲ್ಲಿ ಸದ್ದು ಇದ್ದಕ್ಕಿದ್ದಂತೆ ಇಳಿಯುತ್ತದೆ. ಹಾಗೇ ಅಲ್ಲೇ ಇಟ್ಟುಬಿಡಿ.